ಲಾಂಛನ ಎಣಿಸಬೇಡಿ, ಚಿತ್ರ ಎಣಿಸಿ: ಸಿನಿಮಾ ಶಾಲೆಯ ಸಾಧನೆಪಟ್ಟಿ ಓದುವ ಬಗೆ

ಪ್ರಶ್ನೆ: ನಮ್ಮದು ತಿಪಟೂರು. ಮಗಳು ತುಮಕೂರಿನಲ್ಲಿ ಪತ್ರಿಕೋದ್ಯಮ ಓದಿ ಬಿ.ಎ. ಮುಗಿಸಿದ್ದಾಳೆ. ಕಡೇ ವರ್ಷ ಗೆಳತಿಯರ ಜೊತೆ ಸೇರಿ, ಕೊಬ್ಬರಿ ಒಡೆಯುವ ಹೆಂಗಸೊಬ್ಬಳ ಕಥೆ ಇಟ್ಟುಕೊಂಡು 14 ನಿಮಿಷ 40 ಸೆಕೆಂಡಿನ ಕಿರುಚಿತ್ರ ಮಾಡಿದ್ದಾಳೆ. ಅರ್ಧ ಮೊಬೈಲಿನಲ್ಲಿ, ಅರ್ಧ ಬಾಡಿಗೆ ಕ್ಯಾಮೆರಾದಲ್ಲಿ ತೆಗೆದದ್ದು. ನಡುವೆ ರೇಡಿಯೊದಲ್ಲಿ ಹಳೇ ಸಿನಿಮಾ ಹಾಡು ಬರುತ್ತದೆ, ಕೊನೆಗೆ ಶರೀಫರ ಪದ ಇದೆ. ಈಗ ಹೊರದೇಶದ ಸಿನಿಮಾ ಶಾಲೆಯೊಂದರಲ್ಲಿ ಸ್ನಾತಕೋತ್ತರ ಓದಬೇಕೆಂದು ಹಟ ಹಿಡಿದಿದ್ದಾಳೆ. ಆ ಶಾಲೆಯ ಪುಸ್ತಿಕೆ ತುಂಬ ಪ್ರಶಸ್ತಿ, ಉತ್ಸವಗಳ ಹೆಸರು, ದೊಡ್ಡ ನಿರ್ದೇಶಕರು ಬಂದುಹೋದ ಫೋಟೊ. ಇದನ್ನೆಲ್ಲ ಎಷ್ಟು ನಂಬಬಹುದು? ಅವಳ ಚಿತ್ರವನ್ನು ಉತ್ಸವಗಳಿಗೆ ಕಳಿಸುವುದು ಹೇಗೆ? ಅದಕ್ಕೂ ಮುಂಚೆ ತುಮಕೂರಿನಲ್ಲಿ ಒಂದು ಪ್ರದರ್ಶನ ಇಟ್ಟುಕೊಳ್ಳಬಹುದೇ?

ಉತ್ತರ: ಪುಸ್ತಿಕೆಯಲ್ಲಿರುವುದು ಸುಳ್ಳೆಂದು ಮೊದಲೇ ತೀರ್ಮಾನಿಸಬೇಕಿಲ್ಲ. ಹೆಚ್ಚಿನ ಶಾಲೆಗಳು ನಡೆದದ್ದನ್ನೇ ಬರೆಯುತ್ತವೆ, ಆದರೆ ಎಲ್ಲವನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಬರೆಯುತ್ತವೆ. ನಿಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಪಟ್ಟಿಯಿಂದ ಚಿತ್ರಗಳ ಹೆಸರನ್ನು ಮಾತ್ರ ಒಂದು ಹಾಳೆಗೆ ಇಳಿಸಿ. ಒಮ್ಮೆ ಬರೆದ ಹೆಸರನ್ನು ಮತ್ತೆ ಬರೆಯಬೇಡಿ. ಒಳ್ಳೆಯ ಕಿರುಚಿತ್ರವೊಂದು ಎರಡು ವರ್ಷ ಉತ್ಸವದಿಂದ ಉತ್ಸವಕ್ಕೆ ಓಡಾಡುತ್ತದೆ. ಇಪ್ಪತ್ತು ಕಡೆ ಆಯ್ಕೆಯಾದರೆ ಪಟ್ಟಿಯಲ್ಲಿ ಇಪ್ಪತ್ತು ಸಾಲು ಬೀಳುತ್ತದೆ. ಹಾಗಾಗಿ ನಲವತ್ತು ಸಾಲಿನ ಸಾಧನೆಪಟ್ಟಿಯಲ್ಲಿ ನಿಜಕ್ಕೂ ಇರುವುದು ಐದಾರೇ ಚಿತ್ರ ಅನ್ನುವುದೂ ಉಂಟು. ಐದಾರು ಒಳ್ಳೆಯ ಚಿತ್ರ ಕಡಿಮೆಯೇನಲ್ಲ. ಆದರೆ ಅವು ಎಷ್ಟು ವರ್ಷದಲ್ಲಿ, ಎಷ್ಟು ವಿದ್ಯಾರ್ಥಿಗಳ ನಡುವೆ ಬಂದವು ಅನ್ನುವುದು ಮುಖ್ಯ. ಇಪ್ಪತ್ತು ಜನರ ತರಗತಿಯಿಂದ ಮೂರು ವರ್ಷದಲ್ಲಿ ಆರು ಚಿತ್ರ ಬಂದಿದ್ದರೆ ಅದು ಗಟ್ಟಿ ಶಾಲೆ. ಇನ್ನೂರು ಜನರಿಂದ ಹತ್ತು ವರ್ಷದಲ್ಲಿ ಆರು ಬಂದಿದ್ದರೆ ಅಲ್ಲಿ ಗೆದ್ದದ್ದು ಆ ಆರು ಮಂದಿಯ ಸ್ವಂತ ಶಕ್ತಿ.

ಹೆಸರುಗಳ ಪಕ್ಕದಲ್ಲಿ ಇನ್ನೂ ಕೆಲವು ವಿವರ ಬರೆಯಿರಿ. ಚಿತ್ರ ತಯಾರಾದ ವರ್ಷ ಯಾವುದು? ಆಗ ನಿರ್ದೇಶಕರು ಅಲ್ಲಿ ವಿದ್ಯಾರ್ಥಿಯಾಗಿದ್ದರೋ, ಅಥವಾ ಓದು ಮುಗಿಸಿ ಎಂಟು ವರ್ಷ ಕಳೆದು ಬೇರೆ ನಿರ್ಮಾಪಕರ ದುಡ್ಡಿನಲ್ಲಿ ಮಾಡಿದ ಚಿತ್ರವೋ? ಆ ಉತ್ಸವದಲ್ಲಿ ಅದು ಬರೀ ಆಯ್ಕೆಯಾಯಿತೋ, ಬಹುಮಾನ ಪಡೆಯಿತೋ? ಹಳೆಯ ವಿದ್ಯಾರ್ಥಿಯ ಗೆಲುವನ್ನು ಶಾಲೆ ಹೇಳಿಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಹಾಳೆಯಲ್ಲಿ ಬೇರೆ ಪಟ್ಟಿ ಮಾಡಿ ಇಡಿ.

ಇನ್ನು ಉತ್ಸವಗಳ ತೂಕ. ಅತಿ ಹೆಚ್ಚು ಗೊಂದಲ ಆಗುವುದು ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿಷಯದಲ್ಲಿ, ಯಾಕೆಂದರೆ ಮೇ ತಿಂಗಳಲ್ಲಿ ಅದೇ ಊರಿನಲ್ಲಿ, ಅದೇ ದಿನಗಳಲ್ಲಿ ಬೇರೆ ಬೇರೆ ಬಾಗಿಲುಗಳು ತೆರೆದಿರುತ್ತವೆ. ಲಾ ಸಿನೆಫ್ ಅನ್ನುವುದು ಸಿನಿಮಾ ಶಾಲೆಗಳ ಚಿತ್ರಗಳಿಗಷ್ಟೇ ಮೀಸಲಾದ ವಿಭಾಗ. 1998ರಲ್ಲಿ ಸಿನೆಫೊಂಡೇಶನ್ ಹೆಸರಿನಲ್ಲಿ ಶುರುವಾಯಿತು. 60 ನಿಮಿಷದವರೆಗಿನ ಚಿತ್ರಗಳಿಗೆ ಅವಕಾಶ ಇದೆ, ಮೂರು ಬಹುಮಾನ, ಮೊದಲನೆಯದಕ್ಕೆ 15,000 ಯೂರೊ. ಜಗತ್ತಿನ ಶಾಲೆಗಳಿಂದ ಬಂದ ರಾಶಿ ಚಿತ್ರಗಳಲ್ಲಿ ಬೆರಳೆಣಿಕೆಯಷ್ಟನ್ನು ಆರಿಸುವುದರಿಂದ, ಇಲ್ಲಿ ಆಯ್ಕೆಯಾಗುವುದೇ ದೊಡ್ಡ ಮಾತು. ಎರಡನೆಯದು ಕಿರುಚಿತ್ರಗಳ ಅಧಿಕೃತ ಸ್ಪರ್ಧೆ. ಇದು ಎಲ್ಲರಿಗೂ ತೆರೆದಿದೆ, ಆದರೆ ಕೊನೆಯ ಹೆಸರುಪಟ್ಟಿಯೂ ಸೇರಿ 15 ನಿಮಿಷ ಮೀರಬಾರದು. ಮೂರನೆಯದು ಶಾರ್ಟ್ ಫಿಲ್ಮ್ ಕಾರ್ನರ್. 2004ರಿಂದ ನಡೆದುಬಂದ ಇದು ಉತ್ಸವದ ಜೊತೆಗೆ ನಡೆಯುವ ಸಿನಿಮಾ ಮಾರುಕಟ್ಟೆಯ ಭಾಗ. ಶುಲ್ಕ ಕಟ್ಟಿ ಹೆಸರು ನೋಂದಾಯಿಸಿ ಚಿತ್ರವನ್ನು ಅಲ್ಲಿಡುವ ಪದ್ಧತಿ ಇಲ್ಲಿ ವರ್ಷಗಟ್ಟಲೆ ನಡೆದಿದೆ. ಜನರನ್ನು ಭೇಟಿಯಾಗಲು ಅದು ಉಪಯುಕ್ತ ಜಾಗ, ಗೌರವದ ಆಯ್ಕೆ ಅಲ್ಲ. ಪುಸ್ತಿಕೆಯಲ್ಲಿ 'ಕಾನ್‌ನಲ್ಲಿ ಪ್ರದರ್ಶನ' ಎಂದಷ್ಟೇ ಇದ್ದು ವಿಭಾಗದ ಹೆಸರು ಇಲ್ಲದಿದ್ದರೆ, ಯಾವ ವಿಭಾಗ ಎಂದು ಬರೆದು ಕೇಳಿ. ನಿಜವಾಗಿ ಲಾ ಸಿನೆಫ್‌ಗೆ ಹೋಗಿದ್ದ ಶಾಲೆ ಆ ಹೆಸರನ್ನು ಬಿಟ್ಟುಬರೆಯುವುದಿಲ್ಲ.

ಆಸ್ಕರ್ ಮಾತೂ ಹೀಗೆಯೇ. ಆಸ್ಕರ್ ಕೊಡುವ ಅಕಾಡೆಮಿಯವರೇ ಕೊಡುವ ವಿದ್ಯಾರ್ಥಿ ಅಕಾಡೆಮಿ ಪ್ರಶಸ್ತಿ ಬೇರೆ. ಚಿನ್ನ, ಬೆಳ್ಳಿ, ಕಂಚು ಅಂತ ಪದಕ ಇರುತ್ತವೆ, ಗೆದ್ದ ಚಿತ್ರ ಆಸ್ಕರ್‌ನ ಕಿರುಚಿತ್ರ ವಿಭಾಗಕ್ಕೆ ಅರ್ಜಿ ಹಾಕಬಹುದು. ಇದು ಪದವಿ ಹಂತದ ಓದಿನಲ್ಲಿ ಸಿಗಬಹುದಾದ ಅತಿ ದೊಡ್ಡ ಮನ್ನಣೆಗಳಲ್ಲಿ ಒಂದು. ಆದರೆ 'ಆಸ್ಕರ್ ಅರ್ಹತೆಯ ಉತ್ಸವಕ್ಕೆ ಆಯ್ಕೆ' ಅನ್ನುವ ಸಾಲು ಬೇರೆ. ಅಂಥ ಉತ್ಸವದಲ್ಲಿ ಗೊತ್ತುಪಡಿಸಿದ ಬಹುಮಾನ ಗೆದ್ದವರಿಗೆ ಮಾತ್ರ ಅರ್ಜಿ ಹಾಕುವ ಹಕ್ಕು ಬರುತ್ತದೆ. ಆಮೇಲೆ 15 ಚಿತ್ರಗಳ ಕಿರುಪಟ್ಟಿ, ಅದರಿಂದ 5 ನಾಮನಿರ್ದೇಶನ. ಆಯ್ಕೆಯಾದ ಮಾತ್ರಕ್ಕೆ ಆಸ್ಕರ್ ಬಾಗಿಲಿಗೆ ಹೋದಂತಲ್ಲ.

ಪಟ್ಟಿಯಲ್ಲಿ ತಿಂಗಳಿಗೊಮ್ಮೆ ಪ್ರಶಸ್ತಿ ಹಂಚುವ ಉತ್ಸವಗಳು ತುಂಬಿದ್ದರೆ ಆ ಶಾಲೆಯ ಬಗ್ಗೆ ಎಚ್ಚರ ಇರಲಿ. ಗುರುತು ಹಿಡಿಯುವುದು ಕಷ್ಟವಲ್ಲ. ಹೆಸರಿನಲ್ಲಿ ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ಇರುತ್ತದೆ, ಆದರೆ ಯಾವ ಚಿತ್ರಮಂದಿರದಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಪ್ರದರ್ಶನ ಎಂಬ ವೇಳಾಪಟ್ಟಿ ಇರುವುದಿಲ್ಲ. ಆಯ್ಕೆ ಮಾಡಿದವರ ಹೆಸರಿಲ್ಲ. ನಲವತ್ತು ಐವತ್ತು ವಿಭಾಗ. ಗೆದ್ದ ಮೇಲೆ ಪ್ರಮಾಣಪತ್ರಕ್ಕೆ ಇಷ್ಟು, ಫಲಕಕ್ಕೆ ಇಷ್ಟು ಎಂದು ದುಡ್ಡು ಕೇಳುತ್ತಾರೆ. ಇಂಥ ಕಡೆ ಮಕ್ಕಳು ಕೂಡಿಟ್ಟ ಹಣ ಸುರಿದು ಎಲೆಬಳ್ಳಿಯ ಲಾಂಛನ (ಉತ್ಸವಕ್ಕೆ ಆಯ್ಕೆಯಾದ ಗುರುತಾಗಿ ಪೋಸ್ಟರಿಗೆ ಹಾಕುವುದು) ತರುವುದನ್ನು ನೋಡಿದರೆ ಸಂಕಟವಾಗುತ್ತದೆ. ನಿಮ್ಮ ಮಗಳು ತನ್ನ ಚಿತ್ರಕ್ಕೂ ಇಂಥ ಲಾಂಛನ ಅಂಟಿಸದಿರಲಿ. ಪ್ರವೇಶ ಸಮಿತಿಯಲ್ಲಿ ಕೂತವರಿಗೆ ಈ ಹೆಸರುಗಳು ಚೆನ್ನಾಗಿ ಗೊತ್ತು.

ಒಳ್ಳೆಯ ಸಾಧನೆಯ ಸಾಲೊಂದನ್ನು ಬಿಡಿಸಿ ನೋಡಲು ಕನ್ನಡದ ಉದಾಹರಣೆಯೇ ಇದೆ. 2024ರಲ್ಲಿ ಲಾ ಸಿನೆಫ್‌ನ ಮೊದಲ ಬಹುಮಾನ ಬಂದದ್ದು ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' ಎಂಬ 16 ನಿಮಿಷದ ಕನ್ನಡ ಚಿತ್ರಕ್ಕೆ. ಕೋಳಿ ಕದ್ದ ಮುದುಕಿಯ ಜನಪದ ಕಥೆ. ಪುಣೆಯ ಸರ್ಕಾರಿ ಸಿನಿಮಾ ಶಾಲೆ ಎಫ್‌ಟಿಐಐ ಪಟ್ಟಿಯಲ್ಲಿ ಇದು ಒಂದು ಸಾಲು. ಸಾಲಿನ ಹಿಂದೆ ಏನಿದೆ ನೋಡಿ. ನಿರ್ದೇಶಕರು ವೈದ್ಯಕೀಯ ಓದಿ ಬಂದವರು. ಸೇರಿದ್ದು ಮೂರು ವರ್ಷದ ಸಿನಿಮಾ ಕೋರ್ಸಿಗಲ್ಲ, ಒಂದು ವರ್ಷದ ಟೆಲಿವಿಷನ್ ಕೋರ್ಸಿಗೆ. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕು ದಿನ. ಛಾಯಾಗ್ರಹಣ, ಸಂಕಲನ, ಧ್ವನಿ ಮಾಡಿದವರು ಸಹಪಾಠಿಗಳು. ಅಂದರೆ ಆ ಗೆಲುವಿನಲ್ಲಿ ಶಾಲೆಯ ಪಾಲು ಎದ್ದು ಕಾಣುತ್ತದೆ: ಸಲಕರಣೆ ಶಾಲೆಯದು, ತಂಡ ಶಾಲೆಯದು, ಕೆಲಸ ಮುಗಿಸಲೇಬೇಕಾದ ಗಡುವೂ ಶಾಲೆಯದು.

ಇದೇ ಕಾರಣಕ್ಕೆ, ನಿಮಗೆ ಕಳಿಸಿದ ಪಟ್ಟಿಯ ನಾಲ್ಕೈದು ಚಿತ್ರ ಹುಡುಕಿ ಅವುಗಳ ಕೊನೆಯ ಹೆಸರುಪಟ್ಟಿಯನ್ನು ನಿಲ್ಲಿಸಿ ಓದಿ. ಛಾಯಾಗ್ರಾಹಕರು, ಸಂಕಲನಕಾರರು, ಧ್ವನಿ ವಿನ್ಯಾಸಕರು ಅದೇ ಶಾಲೆಯ ವಿದ್ಯಾರ್ಥಿಗಳೇ, ಅಥವಾ ಸಂಬಳ ಕೊಟ್ಟು ಕರೆಸಿದ ವೃತ್ತಿಪರರೇ? ಎಲ್ಲ ಹೊರಗಿನವರೇ ಆಗಿದ್ದರೆ ಆ ಚಿತ್ರದ ಹೊಳಪು ವಿದ್ಯಾರ್ಥಿಯ ಮನೆಯ ಹಣದಿಂದ ಬಂದದ್ದು. ನಿಮ್ಮ ಮಗಳಿಗೆ ಅಷ್ಟು ಹಣ ಹೊಂದಿಸಲಾಗದಿದ್ದರೆ ಅದೇ ಶಾಲೆ ಅವಳಿಗೆ ಅದೇ ಚಿತ್ರ ಕೊಡಲಾರದು. ಸಾಧನೆಪಟ್ಟಿಗಳಲ್ಲಿ ನಿರ್ದೇಶಕರ ಹೆಸರಷ್ಟೇ ಬರುವುದು ಇನ್ನೊಂದು ಅನ್ಯಾಯ. ಅವಳಿಗೆ ಸಂಕಲನದಲ್ಲೋ ಧ್ವನಿಯಲ್ಲೋ ಒಲವಿದ್ದರೆ, ಆ ವಿಭಾಗದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಬೇರೆಯಾಗಿ ಕೇಳಬೇಕು.

ಐದರಿಂದ ಹತ್ತು ವರ್ಷ ಮುಂದೆ ನೋಡುವುದೂ ಒಳ್ಳೆಯದು. ಎಫ್‌ಟಿಐಐನಲ್ಲಿ ಓದುತ್ತಿದ್ದ ಪಾಯಲ್ ಕಪಾಡಿಯಾ ಅವರ ಕಿರುಚಿತ್ರ 2017ರಲ್ಲಿ ಕಾನ್‌ನ ಇದೇ ವಿದ್ಯಾರ್ಥಿ ವಿಭಾಗದಲ್ಲಿತ್ತು. 2024ರಲ್ಲಿ ಅವರು ಮುಖ್ಯ ಸ್ಪರ್ಧೆಯಲ್ಲಿ ಎರಡನೆಯ ದೊಡ್ಡ ಬಹುಮಾನವಾದ ಗ್ರಾಂ ಪ್ರೀ ಪಡೆದರು. ಏಳು ವರ್ಷ. ಶಾಲೆಯ ಪಟ್ಟಿಯಲ್ಲಿ 2016, 2017ರಲ್ಲಿ ಗೆದ್ದವರು ಇವತ್ತು ಏನು ಮಾಡುತ್ತಿದ್ದಾರೆ ಎಂದು ಹುಡುಕಿದರೆ ಪುಸ್ತಿಕೆ ಹೇಳದ್ದು ತಿಳಿಯುತ್ತದೆ.

ದೊಡ್ಡ ನಿರ್ದೇಶಕರ ಫೋಟೊಗಳಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಒಂದು ಸಂಜೆಯ ಮಾಸ್ಟರ್ ಕ್ಲಾಸಿನಿಂದ ಹುರುಪು ಬರುತ್ತದೆ, ವಿದ್ಯೆ ಬರುವುದು ವಾರಕ್ಕೆ ಮೂರು ದಿನ ಜೊತೆಯಲ್ಲಿ ಕೂತು ಕಟ್ ತಿದ್ದುವ ಅಧ್ಯಾಪಕರಿಂದ. ಶಾಲೆಯ ಕಾರ್ಯಕ್ರಮಗಳಲ್ಲಿ ನಿಮಗೆ ಬೇಕಾದದ್ದು ಒಂದೇ: ವರ್ಷದ ಕೊನೆಯ ಪದವಿ ಚಿತ್ರಗಳ ಪ್ರದರ್ಶನ. ಅದರ ಪೂರ್ತಿ ಕಾರ್ಯಕ್ರಮಪಟ್ಟಿ ಕೇಳಿ ತರಿಸಿಕೊಳ್ಳಿ, ಕಳೆದ ಎರಡು ವರ್ಷದ್ದು. ಸೇರಿದವರ ಸಂಖ್ಯೆಯ ಜೊತೆ ಅಲ್ಲಿ ತೋರಿಸಿದ ಚಿತ್ರಗಳ ಸಂಖ್ಯೆಯನ್ನು ಹೋಲಿಸಿ. 24 ಮಂದಿ ಸೇರಿದ್ದ ತರಗತಿಯಿಂದ 11 ಚಿತ್ರ ಮಾತ್ರ ಮುಗಿದಿದ್ದರೆ, ಉಳಿದ 13 ಮಂದಿ ಬೇರೆಯವರ ಚಿತ್ರಗಳಿಗೆ ಕೆಲಸ ಮಾಡಿದರೋ, ಹಣವಿಲ್ಲದೆಯೋ ಸಲಕರಣೆ ಸಿಗದೆಯೋ ನಿಂತರೋ ಎಂದು ಕೇಳಿ. ಬಹುಮಾನ ಬಂದ ಚಿತ್ರ ಯಾವ ಶಾಲೆಯಲ್ಲೂ ಚೆನ್ನಾಗಿರುತ್ತದೆ. ಬಹುಮಾನ ಬಾರದ ಮಧ್ಯಮ ದರ್ಜೆಯ ಚಿತ್ರ ನೋಡಿ. ಅದರಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತಿದ್ದರೆ, ಬೆಳಕು ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೊಂದುತ್ತಿದ್ದರೆ, ಅಲ್ಲಿ ಪಾಠ ನಡೆಯುತ್ತಿದೆ.

ಶಾಲೆಯ ಹಣಕಾಸಿನ ನೆಲೆಯನ್ನೂ ವಿಚಾರಿಸಿ. ನ್ಯೂಯಾರ್ಕ್ ವಿಶ್ವವಿದ್ಯಾಲಯ ತನ್ನ ಟಿಶ್ ಕಲಾಶಾಲೆಯ ಶಾಖೆಯನ್ನು 2007ರಲ್ಲಿ ಸಿಂಗಪುರದಲ್ಲಿ ತೆರೆಯಿತು. ಸಿನಿಮಾ, ಅನಿಮೇಷನ್, ನಾಟಕ ರಚನೆ, ನಿರ್ಮಾಣಗಳಲ್ಲಿ ಸ್ನಾತಕೋತ್ತರ ಪದವಿ ಕೊಡುತ್ತಿದ್ದ ಶಾಲೆ ಅದು. ಖರ್ಚು ತೂಗಿಸಲಾಗದೆ 2012ರಲ್ಲಿ ಮುಚ್ಚುವ ತೀರ್ಮಾನ ಪ್ರಕಟವಾಗಿ, 2015ಕ್ಕೆ ಮುಚ್ಚಿಯೇಹೋಯಿತು. ಹೆಸರಾಂತ ವಿಶ್ವವಿದ್ಯಾಲಯದ ಶಾಖೆಗೂ ಹೀಗಾಗಬಹುದು ಅಂದ ಮೇಲೆ, ಎಂಟು ಹತ್ತು ವರ್ಷದೊಳಗಿನ ಶಾಖಾ ಕ್ಯಾಂಪಸ್ಸಾದರೆ 'ಪದವಿ ಯಾರ ಹೆಸರಿನಲ್ಲಿ ಬರುತ್ತದೆ, ಮಧ್ಯದಲ್ಲಿ ನಿಂತರೆ ಎಲ್ಲಿಗೆ ವರ್ಗಾವಣೆ' ಅನ್ನುವುದನ್ನು ಲಿಖಿತವಾಗಿ ಕೇಳುವುದರಲ್ಲಿ ಸಂಕೋಚ ಬೇಡ.

ಅರ್ಜಿಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅವಳದು ಮೂರು ವರ್ಷದ ಪದವಿಯಾಗಿದ್ದರೆ ಆ ಶಾಲೆ ಅದನ್ನು ಒಪ್ಪುತ್ತದೆಯೇ ಎಂದು ಮೊದಲು ನೋಡಿ. ಕರ್ನಾಟಕದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿಯೇ ಬಂದಿದೆ, ಅಮೆರಿಕದ ಕೆಲವು ಕಡೆ ನಾಲ್ಕು ವರ್ಷ ಕೇಳುತ್ತಾರೆ. ಚಿತ್ರದ ಹಕ್ಕು ಯಾರದು ಎಂದೂ ಕೇಳಿ. ಎಫ್‌ಟಿಐಐನಂಥ ಕಡೆ ನಿರ್ಮಾಪಕ ಶಾಲೆಯೇ, ಹಾಗಾಗಿ ಉತ್ಸವಕ್ಕೂ ಶಾಲೆಯ ಮೂಲಕವೇ ಹೋಗಬೇಕು. ಅಮೆರಿಕದ ಹಲವು ಶಾಲೆಗಳಲ್ಲಿ ಹಕ್ಕು ವಿದ್ಯಾರ್ಥಿಯದು, ಖರ್ಚೂ ವಿದ್ಯಾರ್ಥಿಯದೇ. ಶುಲ್ಕದ ಮೇಲೆ ಪದವಿ ಚಿತ್ರದ ವೆಚ್ಚ ಬೇರೆ ಬೀಳುತ್ತದೆ. ಸಾಲ ಲೆಕ್ಕ ಹಾಕುವಾಗ ಇದನ್ನು ಮರೆತು ಆಮೇಲೆ ಒದ್ದಾಡುವವರು ಬಹಳ. ಯುರೋಪಿನ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಸಿಕ್ಕರೆ ತಿಂಗಳಿಗೆ 1,400 ಯೂರೊ, ಗರಿಷ್ಠ 24 ತಿಂಗಳು. ಸಾಕ್ಷ್ಯಚಿತ್ರಕ್ಕೆಂದೇ ಇರುವ ಡಾಕ್‌ನೊಮ್ಯಾಡ್ಸ್ ಕೋರ್ಸು ಈ ಯೋಜನೆಯಲ್ಲಿ ಬೆಳೆದದ್ದು, ಲಿಸ್ಬನ್, ಬುಡಾಪೆಸ್ಟ್, ಬ್ರಸೆಲ್ಸ್ ಮೂರೂ ಕಡೆ ಓದು. ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ ಹೊರದೇಶದ ಓದಿಗೆ ನೆರವು ಕೊಡುವ ರಾಜ್ಯದ ಪ್ರಬುದ್ಧ ಯೋಜನೆ ಇದೆ, ಅರ್ಹ ವಿಷಯಗಳ ಪಟ್ಟಿಯನ್ನು ಸಮಾಜ ಕಲ್ಯಾಣ ಇಲಾಖೆಯಲ್ಲಿ ಮೊದಲೇ ನೋಡಿಕೊಳ್ಳಿ. ಪುಣೆಯ ಎಫ್‌ಟಿಐಐ 1960ರಿಂದ, ಕೊಲ್ಕತ್ತದ ಸತ್ಯಜಿತ್ ರೇ ಸಂಸ್ಥೆ 1995ರಿಂದ ಇವೆ. ಹೆಚ್ಚಿನ ಕೋರ್ಸುಗಳಿಗೆ ಯಾವುದೇ ವಿಷಯದ ಪದವಿ ಸಾಕು, ಪ್ರವೇಶ ಪರೀಕ್ಷೆ ಬರೆಯಬೇಕು. ಹೊರದೇಶದ ಅರ್ಜಿಯ ಜೊತೆಗೆ ಇವೆರಡಕ್ಕೂ ಹಾಕಿಸಿ ಅನ್ನುವುದು ನನ್ನ ಒತ್ತಾಯ.

ಈಗ ಅವಳ ಚಿತ್ರ. ಮೊದಲ ತೊಡಕು 14 ನಿಮಿಷ 40 ಸೆಕೆಂಡ್ ಅನ್ನುವ ಅಳತೆಯಲ್ಲೇ ಇರಬಹುದು. ಸೆಕೆಂಡಿಗೆ 25 ಫ್ರೇಮಿನಲ್ಲಿ ಸಂಕಲನ ಮಾಡಿದ್ದಾರೆಯೇ ಕೇಳಿ. ಚಿತ್ರಮಂದಿರದ ರೂಢಿಯ ವೇಗ 24. ಚಿತ್ರಮಂದಿರದಲ್ಲಿ ಚಿತ್ರ ಓಡಿಸುವ ಕೆಲವು ಹಳೇ ಸರ್ವರ್‌ಗಳು 25 ಫ್ರೇಮಿನ ಪ್ರತಿಯನ್ನು ಓಡಿಸುವುದಿಲ್ಲ, ಆಗ ಚಿತ್ರವನ್ನು ನಾಲ್ಕು ಶೇಕಡಾ ನಿಧಾನ ಮಾಡಿ 24ಕ್ಕೆ ಇಳಿಸುತ್ತಾರೆ. 880 ಸೆಕೆಂಡಿನ ಚಿತ್ರ 917 ಸೆಕೆಂಡ್ ಆಗುತ್ತದೆ, ಅಂದರೆ 15 ನಿಮಿಷ 17 ಸೆಕೆಂಡ್. ಕಾನ್‌ನ ಕಿರುಚಿತ್ರ ಸ್ಪರ್ಧೆಯ 15 ನಿಮಿಷದ ಗೆರೆ ದಾಟಿತು! ವೆನಿಸ್‌ನಲ್ಲಿ 20, ಬರ್ಲಿನ್‌ನಲ್ಲಿ 30 ನಿಮಿಷ ಇರುವುದರಿಂದ ಅಲ್ಲಿ ತೊಂದರೆ ಇಲ್ಲ. ಕೊನೆಯ ಹೆಸರುಪಟ್ಟಿಯನ್ನು ಬಿಗಿ ಮಾಡಿ ಒಟ್ಟು 14 ನಿಮಿಷದ ಆಸುಪಾಸಿಗೆ ತಂದರೆ ಎಲ್ಲ ಕಡೆಗೂ ಆಗುತ್ತದೆ.

ಮೊಬೈಲಿನಲ್ಲಿ ತೆಗೆದ ಭಾಗದಲ್ಲಿ ಎರಡು ಕಾಯಿಲೆ ಸಾಮಾನ್ಯ. ಫೋನು ಫ್ರೇಮ್ ವೇಗವನ್ನು ತಾನೇ ಏರಿಸಿ ಇಳಿಸುತ್ತದೆ, ಅದರಿಂದ ಮಾತು ತುಟಿಯಿಂದ ನಿಧಾನವಾಗಿ ಜಾರುತ್ತ ಹೋಗುತ್ತದೆ. ಮೂಲ ಕಡತಗಳನ್ನು ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಸ್ಥಿರ ವೇಗಕ್ಕೆ ಬದಲಾಯಿಸಿ ಮತ್ತೆ ಜೋಡಿಸಬೇಕು. ಇನ್ನೊಂದು ಎಚ್‌ಡಿಆರ್, ಅಂದರೆ ಬೆಳಕು ಕತ್ತಲು ಎರಡನ್ನೂ ಹೆಚ್ಚು ಹಿಡಿಯುವ ಫೋನಿನ ಸೌಲಭ್ಯ. ಅದು ಚಾಲೂ ಇದ್ದಾಗ ತೆಗೆದ ದೃಶ್ಯ ಮಾಮೂಲಿ ಟೈಮ್‌ಲೈನಿನಲ್ಲಿ ತೊಳೆದಂತೆ ಬಿಳಚಿಕೊಳ್ಳುತ್ತದೆ ಅಥವಾ ಬಿಳಿ ಜಾಗ ಸುಟ್ಟುಹೋಗುತ್ತದೆ. ಬಣ್ಣ ತಿದ್ದುವ ಮೊದಲು ಸಂಕಲನದ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನಲ್ಲಿ ಆ ಕ್ಲಿಪ್ಪುಗಳ ಬಣ್ಣದ ನೆಲೆಯನ್ನು ಮಾಮೂಲಿ ಪರದೆಯ ಮಾನದಂಡವಾದ ರೆಕ್ 709ಕ್ಕೆ ತರಬೇಕು.

ಆಯ್ಕೆಗಾರರು ಚಿತ್ರ ಪಕ್ಕಕ್ಕಿಡುವುದು ದೃಶ್ಯಕ್ಕಿಂತ ಹೆಚ್ಚಾಗಿ ಧ್ವನಿಯ ಕಾರಣಕ್ಕೆ. ಕೊಬ್ಬರಿ ಒಡೆಯುವ ಚಿತ್ರದಲ್ಲಿ ಇದು ಇನ್ನೂ ಕಷ್ಟ. ಒಣಗಿದ ಚಿಪ್ಪಿಗೆ ಮಚ್ಚಿನ ಏಟು ಬಿದ್ದಾಗ ಸದ್ದು ಕ್ಷಣಮಾತ್ರದಲ್ಲಿ ಏರಿ ಇಳಿಯುತ್ತದೆ. ಮಾತಿಗೆಂದು ಮೈಕಿನ ಮಟ್ಟವನ್ನು ಮೈನಸ್ 12 ಡೆಸಿಬೆಲ್ ಸುತ್ತ ಇಟ್ಟಿದ್ದರೆ ಪ್ರತಿ ಏಟೂ ತಲೆ ಕತ್ತರಿಸಿದಂತೆ ಒಡೆದು ದಾಖಲಾಗಿರುತ್ತದೆ. ಹಾಗೆ ಒಡೆದ ಸದ್ದನ್ನು ಆಮೇಲೆ ಎಷ್ಟು ತಗ್ಗಿಸಿದರೂ ಒರಟು ಹೋಗುವುದಿಲ್ಲ. ಪರಿಹಾರ ಸುಲಭ, ನಿಮ್ಮೂರಿನಲ್ಲೇ ಇದೆ: ಒಂದು ಕೋಣೆಯ ಗೋಡೆಗೆ ಹಾಸಿಗೆ ಒರಗಿಸಿ, ಫ್ಯಾನು, ಫ್ರಿಜ್ಜು ನಿಲ್ಲಿಸಿ, ಅದೇ ಬಗೆಯ ಅಟ್ಟದಲ್ಲಿ ಒಣಗಿದ ಕಾಯಿಯನ್ನೇ ಒಡೆದು, ಮೈಕನ್ನು ಎರಡು ಅಡಿ ದೂರದಲ್ಲಿ, ಮಟ್ಟ ಮೈನಸ್ 20ರ ಸುತ್ತ ಇಟ್ಟು ಹೊಸದಾಗಿ ದಾಖಲಿಸಿಕೊಳ್ಳಿ. 48 ಕಿಲೊಹರ್ಟ್ಜ್, 24 ಬಿಟ್. ಸಿಪ್ಪೆ ರಾಶಿಯ ಮೇಲೆ ಚಿಪ್ಪು ಬೀಳುವುದು, ಕೊಬ್ಬರಿ ಚೀಲಕ್ಕೆ ಉರುಳುವುದು ಬೇರೆ ಬೇರೆ. ಚಿತ್ರ ತೆಗೆದ ಜಾಗಕ್ಕೇ ಹೋಗಿ ಯಾರೂ ಮಾತಾಡದ ಒಂದು ನಿಮಿಷದ ಸದ್ದನ್ನೂ ತನ್ನಿ, ಕಟ್‌ಗಳ ನಡುವಿನ ತೂತು ಮುಚ್ಚಲು ಅದೇ ಬೇಕು. ಯೂಟ್ಯೂಬಿಗೆಂದು ಜೋರು ಮಾಡಿದ ಮಿಕ್ಸ್ ಇದ್ದರೆ ಅದನ್ನು ಚಿತ್ರಮಂದಿರದ ಪ್ರತಿಗೆ ಬಳಸಬೇಡಿ, ದೊಡ್ಡ ಸ್ಪೀಕರುಗಳಲ್ಲಿ ಕಿವಿಗೆ ಬಡಿಯುತ್ತದೆ.

ರೇಡಿಯೊದಲ್ಲಿ ಬರುವ ಹಳೇ ಸಿನಿಮಾ ಹಾಡು ತೆಗೆಯಲೇಬೇಕು, ಇಲ್ಲವೇ ಹಕ್ಕುದಾರ ಕಂಪನಿಯಿಂದ ಬರಹದಲ್ಲಿ ಅನುಮತಿ ತರಬೇಕು. ಹತ್ತು ಸೆಕೆಂಡ್ ಬಳಸಬಹುದು ಅನ್ನುವ ಮಾತು ಎಲ್ಲೆಡೆ ಓಡಾಡುತ್ತದೆ, ಕಾನೂನಿನಲ್ಲಿ ಹಾಗಿಲ್ಲ. ಶರೀಫರ ಪದದ ವಿಷಯ ಸೂಕ್ಷ್ಮ. ಶರೀಫರು ತೀರಿಕೊಂಡದ್ದು 1889ರಲ್ಲಿ, ಸಾಹಿತ್ಯ ಎಲ್ಲರದು. ಆದರೆ ನಾವೆಲ್ಲ ಗುನುಗುವ ಧಾಟಿಗಳಲ್ಲಿ ಹಲವು ಸಿ. ಅಶ್ವತ್ಥ್ ಅವರ ಸಂಯೋಜನೆ. ಅವರು ಹೋದದ್ದು 2009ರಲ್ಲಿ, ನಮ್ಮ ಕಾಯ್ದೆಯಲ್ಲಿ ಕರ್ತೃವಿನ ಹಕ್ಕು ಮರಣದ ನಂತರ 60 ವರ್ಷ ಇರುತ್ತದೆ, ಅಂದರೆ 2069ರ ಕೊನೆಯವರೆಗೆ. ಕ್ಯಾಸೆಟ್ಟಿನ ಧ್ವನಿಮುದ್ರಣಕ್ಕೆ ಇನ್ನೊಂದು ಹಕ್ಕು ಬೇರೆ. ಊರಿನ ಭಜನೆಯವರು ಪರಂಪರೆಯಿಂದ ಹಾಡಿಕೊಂಡು ಬಂದ ಧಾಟಿಯಲ್ಲಿ ಹಾಡಿಸಿ ನೀವೇ ದಾಖಲಿಸಿಕೊಂಡು, ಹಾಡಿದವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದರೆ ಎಲ್ಲ ತಕರಾರೂ ಮುಗಿಯಿತು, ಚಿತ್ರಕ್ಕೂ ಅದೇ ಹೆಚ್ಚು ಒಪ್ಪುತ್ತದೆ. ನಟಿಸಿದವರು, ಜಾಗ ಕೊಟ್ಟವರು, ಸಂಗೀತ ಮಾಡಿದವರು, ಎಲ್ಲರ ಒಪ್ಪಿಗೆ ಪತ್ರ ಒಂದು ಕಡತದಲ್ಲಿರಲಿ. ಆಯ್ಕೆಯಾದ ಮೇಲೆ ಕೇಳಬಹುದು, ಆಗ ಸಮಯ ಕಡಿಮೆ ಇರುತ್ತದೆ.

ಇಂಗ್ಲಿಷ್ ಉಪಶೀರ್ಷಿಕೆ ಎರಡು ಸಾಲು ಮೀರಬಾರದು, ಸಾಲಿಗೆ ಸುಮಾರು 40 ಅಕ್ಷರ, ಕನಿಷ್ಠ ಒಂದು ಸೆಕೆಂಡ್, ಹೆಚ್ಚೆಂದರೆ ಆರು. ಎಸ್‌ಆರ್‌ಟಿ ಕಡತವಾಗಿ (ಮಾತು, ಸಮಯ ಮಾತ್ರ ಬರೆದಿರುವ ಕಡತ) ಬೇರೆ ಇಟ್ಟುಕೊಳ್ಳಿ, ಚಿತ್ರದ ಮೇಲೆ ಅಚ್ಚೊತ್ತಿದ ಪ್ರತಿ ಒಂದನ್ನೇ ಉಳಿಸಿಕೊಂಡರೆ ಫ್ರೆಂಚ್ ಉಪಶೀರ್ಷಿಕೆ ಹಾಕುವ ಉತ್ಸವಕ್ಕೆ ಕೊಡಲಾಗುವುದಿಲ್ಲ.

ಚಿತ್ರಮಂದಿರದ ಪ್ರತಿಗೆ ಡಿಸಿಪಿ ಅನ್ನುತ್ತಾರೆ. ಸ್ಟುಡಿಯೊಗೆ ಸಾವಿರಾರು ರೂಪಾಯಿ ಕೊಡಬೇಕಿಲ್ಲ, ಡಿಸಿಪಿ-ಓ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶ ಸಾಕು. 16:9ರ ಚಿತ್ರವಾದರೆ ಫ್ಲ್ಯಾಟ್ ಎಂಬ 1998×1080 ಪಿಕ್ಸೆಲಿನ ಅಳತೆ ಆರಿಸಿ, ಎರಡೂ ಪಕ್ಕ 39 ಪಿಕ್ಸೆಲಿನ ಕಪ್ಪು ಅಂಚು ಬರುತ್ತದೆ, ಪರದೆಯ ಮೇಲೆ ಗೊತ್ತಾಗುವುದಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ಇಟ್ಟರೆ 14 ನಿಮಿಷಕ್ಕೆ ಧ್ವನಿಯೂ ಸೇರಿ ಸುಮಾರು 11 ಜಿಬಿ. ಸೆಕೆಂಡಿಗೆ 250 ಮೆಗಾಬಿಟ್ಟಿನ ಮಿತಿ ದಾಟಬಾರದು. ಸ್ಟೀರಿಯೊ ಮಾತ್ರ ಇದ್ದರೆ ಮಾತು ಎಡ ಬಲ ಸ್ಪೀಕರಿನಿಂದ ಬಂದು, ಬದಿಯಲ್ಲಿ ಕೂತವರಿಗೆ ಒಂದೇ ಕಡೆಯಿಂದ ಕೇಳುತ್ತದೆ. ಸಂಭಾಷಣೆಯ ಟ್ರ್ಯಾಕನ್ನು ಮಧ್ಯದ ಚಾನೆಲ್‌ಗೆ ಹಾಕಿ. ತಯಾರಾದ ಮೇಲೆ ಫೋಲ್ಡರಿನ ಒಳಗಿನ ಕಡತಗಳ ಹೆಸರು ಬದಲಾಯಿಸಬಾರದು. ಒಂದು ಅಕ್ಷರ ತಿದ್ದಿದರೂ ಸರ್ವರ್ ಅದನ್ನು ಗುರುತಿಸುವುದಿಲ್ಲ. ಸಿನಿಮಾ ಸರ್ವರ್‌ಗಳು ಲಿನಕ್ಸ್ ಬಗೆಯ (ಇಎಕ್ಸ್‌ಟಿ2 ಅಥವಾ ಇಎಕ್ಸ್‌ಟಿ3) ಡಿಸ್ಕ್ ಓದುತ್ತವೆ. ವಿಂಡೋಸ್‌ನಲ್ಲಿ ಅದನ್ನು ಬರೆಯಲು ಅದೇ ತಂತ್ರಾಂಶದ ಡಿಸ್ಕ್ ರೈಟರ್ ಬಳಸಿ.

ಕಳಿಸುವ ಕ್ರಮದಲ್ಲಿ ಮಕ್ಕಳು ತಪ್ಪುವುದು ಒಂದೇ ಕಡೆ: ಮೊದಲು ಯೂಟ್ಯೂಬಿಗೆ ಹಾಕಿಬಿಡುತ್ತಾರೆ. ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕೆಂದು ಕೇಳುವ ಉತ್ಸವಗಳ ಬಾಗಿಲು ಅಲ್ಲಿಗೆ ಮುಚ್ಚುತ್ತದೆ. ಪಾಸ್‌ವರ್ಡ್ ಇರುವ ಕೊಂಡಿ ಮಾತ್ರ ಇಟ್ಟುಕೊಳ್ಳಲಿ. ಲಾ ಸಿನೆಫ್‌ಗೆ ಸಿನಿಮಾ ಶಾಲೆಯಲ್ಲಿ ತಯಾರಾದ ಚಿತ್ರವೇ ಆಗಬೇಕು, ಪತ್ರಿಕೋದ್ಯಮ ವಿಭಾಗದ ಚಿತ್ರಕ್ಕೆ ಅಲ್ಲಿ ಕಷ್ಟ. ಆ ಬಾಗಿಲು ಮುಂದೆ ಅವಳು ಸೇರುವ ಶಾಲೆಯಿಂದ ತೆರೆಯಲಿ. ಈ ಚಿತ್ರಕ್ಕೆ ದೂರದ ಎರಡು ಮೂರು ದೊಡ್ಡ ಉತ್ಸವ ಮೊದಲು, ಅವುಗಳ ಉತ್ತರ ಬಂದ ಮೇಲೆ ಬೆಂಗಳೂರಿನ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ, ತಿರುವನಂತಪುರದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ, ಎರಡು ವರ್ಷಕ್ಕೊಮ್ಮೆ ನಡೆಯುವ ಮುಂಬೈ ಉತ್ಸವ. ಒಟ್ಟು ಹತ್ತು ಹನ್ನೆರಡು ಸಾಕು. ಶುಲ್ಕ ಡಾಲರಿನಲ್ಲಿರುತ್ತದೆ, ಕೊನೇ ದಿನಕ್ಕೆ ಕಾದರೆ ಮೊದಲ ಗಡುವಿಗಿಂತ ಹೆಚ್ಚು ಕಟ್ಟಬೇಕಾಗುತ್ತದೆ.

ತುಮಕೂರಿನ ಪ್ರದರ್ಶನ ಖಂಡಿತ ಇಟ್ಟುಕೊಳ್ಳಿ, ಆದರೆ ಹೇಗೆ ಅನ್ನುವುದು ಮುಖ್ಯ. 1952ರ ಸಿನಿಮಟೊಗ್ರಾಫ್ ಕಾಯ್ದೆಯಂತೆ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಬೇಕು. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಬ್ಯಾನರ್ ಕಟ್ಟಿ, ಪತ್ರಿಕೆಗೆ ಸುದ್ದಿ ಕೊಟ್ಟು ನಡೆಸಿದರೆ ಪ್ರಮಾಣಪತ್ರದ ಪ್ರಶ್ನೆಯೂ ಬರುತ್ತದೆ, ಉತ್ಸವಗಳ ಕಣ್ಣಿನಲ್ಲಿ ಮೊದಲ ಪ್ರದರ್ಶನವೂ ಆಗಿಹೋಗುತ್ತದೆ. ಈಗ ಕಾಲೇಜಿನ ಸಭಾಂಗಣದಲ್ಲಿ, ಟಿಕೆಟ್ ಇಲ್ಲದೆ, ಅಧ್ಯಾಪಕರು, ತಂಡದವರು, ಮನೆಯವರಿಗೆ ಮಾತ್ರ ಆಹ್ವಾನ ಕೊಟ್ಟು ತೋರಿಸಿ. ಉತ್ಸವಗಳ ಸುತ್ತು ಮುಗಿದ ಮೇಲೆ ಬೆಂಗಳೂರಿನ ಪ್ರಾದೇಶಿಕ ಸೆನ್ಸಾರ್ ಕಚೇರಿಯಿಂದ ಪ್ರಮಾಣಪತ್ರ ಪಡೆದು ಕಲಾಕ್ಷೇತ್ರದಲ್ಲೂ ತಿಪಟೂರಿನಲ್ಲೂ ಎಲ್ಲರಿಗೂ ತೋರಿಸಬಹುದು. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಂಥ ಕಡೆಯೂ ಇಂಥ ಚಿತ್ರ ನೋಡುವ, ಆಮೇಲೆ ಕೂತು ಮಾತಾಡುವ ಜನ ಇದ್ದಾರೆ, ಅವರನ್ನು ಕೇಳಿ ನೋಡಿ.

ಸಭಾಂಗಣದಲ್ಲಿ ಪರದೆ 12 ಅಡಿ ಅಗಲ ಇದ್ದರೆ 16:9ರಲ್ಲಿ 81 ಚದರಡಿ ಆಗುತ್ತದೆ. ಚಿತ್ರಮಂದಿರದ ಹೊಳಪು ಬೇಕಾದರೆ ಪರದೆಗೆ ಸುಮಾರು 1,300 ಲ್ಯೂಮೆನ್ ಬೀಳಬೇಕು. ಪೆಟ್ಟಿಗೆಯ ಮೇಲೆ ಬರೆದದ್ದರಲ್ಲಿ ಸಿನಿಮಾ ಮೋಡ್‌ನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಸಿಗುವುದರಿಂದ 2,500 ಲ್ಯೂಮೆನ್ನಿನ ಪ್ರೊಜೆಕ್ಟರ್ ಸಾಕು. 16 ಅಡಿಯ ಪರದೆಗೆ 4,000 ಬೇಕು. ಇದೆಲ್ಲ ಕೋಣೆ ಪೂರ್ತಿ ಕತ್ತಲಾಗಿದ್ದರೆ ಮಾತ್ರ. ಕಿಟಕಿಗೆ ಕರಿ ಬಟ್ಟೆ ಕಟ್ಟದೆ ಹಗಲಿನಲ್ಲಿ ತೋರಿಸಿದರೆ ಗೋದಾಮಿನ ಒಳಗಿನ ಕತ್ತಲ ದೃಶ್ಯಗಳು ಬೂದಿ ಬಣ್ಣಕ್ಕೆ ತಿರುಗುತ್ತವೆ, ಹಾಗಾಗಿ ಸಂಜೆ ಏಳರ ನಂತರ ಇಡಿ. ಎಚ್‌ಡಿಎಂಐ ಕೇಬಲ್ 10 ಮೀಟರ್ ದಾಟಿದರೆ ಚಿತ್ರ ಮಿನುಗಬಹುದು ಅಥವಾ ಬಾರದೇ ಹೋಗಬಹುದು, ಆಪ್ಟಿಕಲ್ ಕೇಬಲ್ ಬಾಡಿಗೆಗೆ ತನ್ನಿ. ಚಿತ್ರವನ್ನು ಪೆನ್‌ಡ್ರೈವಿನಿಂದ ಓಡಿಸದೆ ಲ್ಯಾಪ್‌ಟಾಪಿನೊಳಗೆ ನಕಲು ಮಾಡಿಕೊಳ್ಳಿ, ವೈಫೈ ಆರಿಸಿ. ಪ್ರೊಜೆಕ್ಟರಿಗೆ ಒಂದು ಕೆವಿಎ ಯುಪಿಎಸ್ ಇರಲಿ. ಕರೆಂಟು ಹೋದಾಗ ಲ್ಯಾಂಪಿನ ಫ್ಯಾನು ತಟ್ಟನೆ ನಿಂತರೆ ಬಿಸಿಗೆ ಲ್ಯಾಂಪ್ ಹಾಳಾಗುತ್ತದೆ, ಬಾಡಿಗೆಯವರು ಅದರ ದುಡ್ಡನ್ನು ನಿಮ್ಮಿಂದಲೇ ಕೇಳುತ್ತಾರೆ. ಧ್ವನಿಯನ್ನು ಖಾಲಿ ಸಭಾಂಗಣದಲ್ಲಿ ಒಮ್ಮೆ ಹೊಂದಿಸಿ, ಜನ ತುಂಬಿದ ಮೇಲೆ ಮೊದಲ ನಿಮಿಷದಲ್ಲಿ ಇನ್ನೊಮ್ಮೆ ತುಸು ಏರಿಸಿ, ಜನರ ಮೈ ಬಟ್ಟೆ ಸದ್ದನ್ನು ಹೀರುತ್ತದೆ. ಮಗಳು ಹಿಂದಿನ ಸಾಲಿನಲ್ಲಿ ಕೂತು, ಯಾವ ಶಾಟ್‌ನಲ್ಲಿ ಜನ ಮಿಸುಕಾಡಿದರು, ಯಾವ ಮಾತು ಕೇಳದೆ ಪಕ್ಕದವರನ್ನು ವಿಚಾರಿಸಿದರು ಎಂದು ಬರೆದುಕೊಳ್ಳಲಿ. ಅಂತಿಮ ಪ್ರತಿಯನ್ನು ಡಿಸಿಪಿಗೆ ಹಾಕುವುದು ಆ ತಿದ್ದುಪಡಿ ಮುಗಿದ ಮೇಲೆ.